ಕೋವಿ ಇದೆ, ಅಭ್ಯಾಸವಿಲ್ಲ

ಗುಡಿಬಂಡೆಯಿಂದ ನಮಗೊಂದು ಕಾಗದ ಬಂದಿದೆ. ಗುಡಿಬಂಡೆ ಎಂದೊಡನೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೋಟೆಯ ಊರು ನೆನಪಾಗುವುದು ಸಹಜ. ಇದು ಅದಲ್ಲ, ಆಂಧ್ರ ಪ್ರದೇಶದ ಮಡಕಶಿರದ ಬಳಿಯ ಗುಡಿಬಂಡೆ. ಹಿಂದೆ ಅನಂತಪುರ ಜಿಲ್ಲೆಗೆ ಸೇರಿದ್ದು, 2022ರ ಎಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯ ಲೆಕ್ಕಕ್ಕೆ ಹೋಗಿದೆ. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಮನೆಯೊಳಗಿನ ಮಾತು ಬದಲಾಗಿಲ್ಲ. ರಾಯದುರ್ಗ 1953ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. ನಾವು 1956ರಲ್ಲಿ ಮಂಗಳೂರಿನಿಂದ ಬೇರೆಯಾದೆವು. ಆ ಕಡೆಯವರಿಗೂ ಈ ಕಡೆಯವರಿಗೂ ನಂಟು ಇರುವುದು ಈ ಬೇರೆಯಾಗುವಿಕೆಯಲ್ಲೇ. ಹಾಗಾಗಿ ಅಲ್ಲಿಂದ ಒಂದು ಕಾಗದ ಬಂದರೆ ನಾವು ಎರಡು ಸಲ ಓದುತ್ತೇವೆ.

ಬರೆದವರು ಸೈನ್ಯದಲ್ಲಿ ದುಡಿದು ನಿವೃತ್ತರಾದವರು. ಈಗ ಕಾವಲು ಕೆಲಸ. ಸ್ವಂತದ .32 ರಿವಾಲ್ವರಿಗೆ ಪರವಾನಗಿ ಇದೆ. ಅವರು ಹೇಳುವುದಿಷ್ಟು: ‘ರಿವಾಲ್ವರ್ ಕೊಂಡು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷಗಳಲ್ಲಿ ನಾನು ಹಾರಿಸಿದ ಗುಂಡು ಇಪ್ಪತ್ತು ದಾಟಿಲ್ಲ. 50 ತೋಟೆಯ ಒಂದು ಪೆಟ್ಟಿಗೆಯ ಬೆಲೆ ನಮ್ಮ ಮನೆಯ ತಿಂಗಳ ರಾಗಿ, ಅಕ್ಕಿ, ಬೇಳೆಯ ಖರ್ಚಿಗೆ ಸಮ. ಅಮೆರಿಕದಲ್ಲಿರುವ ನಮ್ಮಕ್ಕನ ಮಗ ಒಂದು ಭಾನುವಾರ ಬೆಳಗ್ಗೆ ನೂರು ಗುಂಡು ಹಾರಿಸಿ ಬರುತ್ತಾನೆ. ಅಲ್ಲಿ ಅಭ್ಯಾಸಕ್ಕೆಂದೇ ಉಕ್ಕಿನ ಚಿಪ್ಪಿನ ಅಗ್ಗದ ತೋಟೆ ಸಿಗುತ್ತದಂತೆ. ಅದು ಒಳ್ಳೆಯದೋ ಕೆಟ್ಟದ್ದೋ? ನಮ್ಮಲ್ಲಿ ಯಾಕಿಲ್ಲ?’ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿದೆ. ‘ಕೈ ನಡುಗಲಿಕ್ಕೆ ಶುರುವಾಗಿದೆ. ಇದು ವಯಸ್ಸಿನ ನಡುಕವೋ ಅಭ್ಯಾಸ ತಪ್ಪಿದ ನಡುಕವೋ ಗೊತ್ತಾಗುತ್ತಿಲ್ಲ.’

ನಾವು ಕೋವಿ ಹಿಡಿಯುವವರಲ್ಲ, ಲೇಖನಿ ಹಿಡಿಯುವವರು. ಆದರೂ ಈ ಪ್ರಶ್ನೆಯನ್ನು ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಬದಿಗಿಡಲು ಮನಸ್ಸು ಒಪ್ಪಲಿಲ್ಲ. ಕಾಸರಗೋಡಿನ ಕನ್ನಡ ಕೃಷಿಕರ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಒಂದು ತೋಟೆಕೋವಿಯೋ ಕೇಪಿನ ಕೋವಿಯೋ ಇದ್ದೇ ಇದೆ. ಬೆಳೆರಕ್ಷಣೆಯ ಪರವಾನಗಿಯೂ ಇದೆ. ಅದನ್ನು ವರ್ಷಕ್ಕೆ ಎಷ್ಟು ಸಲ ಹಾರಿಸಿದ್ದೀರಿ ಎಂದು ಕೇಳಿದರೆ ಬರುವ ಉತ್ತರವೂ ಗುಡಿಬಂಡೆಯವರ ಉತ್ತರದಂತೆಯೇ ಇರುತ್ತದೆ.

ಮೊದಲು ತೋಟೆಯ ವಿಷಯ. ಒಂದು ತೋಟೆಯಲ್ಲಿ ನಾಲ್ಕು ಅಂಗ: ಮುಂದೆ ಗುಂಡು, ಒಳಗೆ ಮದ್ದು, ಹಿಂದೆ ಕೇಪು, ಇವನ್ನೆಲ್ಲ ಹಿಡಿದಿಡುವ ಚಿಪ್ಪು. ಈ ಚಿಪ್ಪನ್ನು ಹಿಂದಿನಿಂದಲೂ ಹಿತ್ತಾಳೆಯಲ್ಲಿ ಮಾಡುತ್ತಾರೆ. 100ಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಹಿತ್ತಾಳೆಯೇ ಯಾಕೆ ಎಂದರೆ, ಮದ್ದು ಹೊತ್ತಿದ ಕ್ಷಣದಲ್ಲಿ ಚಿಪ್ಪು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳಬೇಕು, ಹೊಗೆ ಹಿಂದಕ್ಕೆ ಬಾರದಂತೆ ತಡೆಯಬೇಕು. ಮರುಕ್ಷಣವೇ ಕುಗ್ಗಿ ಸಲೀಸಾಗಿ ಹೊರಗೆ ಬರಬೇಕು. ಹಿತ್ತಾಳೆ ಈ ಎರಡನ್ನೂ ಮಾಡುತ್ತದೆ. ಉಕ್ಕಿಗೆ ಈ ಬಳುಕು ಕಡಿಮೆ. ಉಬ್ಬುವಾಗ ಅಷ್ಟು ಬಿಗಿಯಾಗಿ ಅಂಟುವುದಿಲ್ಲ, ಆದ್ದರಿಂದ ಸ್ವಲ್ಪ ಮಸಿ ಹಿಂದಕ್ಕೆ ಬಂದು ತೋಟೆ ಕೂರುವ ಗೂಡಿನಲ್ಲಿ ಕಟ್ಟುತ್ತದೆ. ಉಬ್ಬಿದ ಮೇಲೆ ಹಿಂದಕ್ಕೆ ಸರಿಯುವುದೂ ಕಡಿಮೆ, ಆದ್ದರಿಂದ ಒಮ್ಮೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಹೊರಗೆಳೆಯುವ ಸಣ್ಣ ಕೊಕ್ಕೆಗೆ ಹೆಚ್ಚು ಕೆಲಸ.

ಹಾಗಾದರೆ ಉಕ್ಕು ಯಾಕೆ ಬಂತು? ಅಗ್ಗ, ಅಷ್ಟೇ. ಎರಡನೆಯ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಜರ್ಮನರು ಉಕ್ಕಿನ ಚಿಪ್ಪಿಗೆ ಇಳಿದರು. ಅಮೆರಿಕದವರೂ ಇಳಿದರು. ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್ಲಿನಲ್ಲಿ ಕ್ರೈಸ್ಲರ್ ಮೋಟಾರು ಕಂಪೆನಿ ನಡೆಸಿದ ಕಾರ್ಖಾನೆಯಿಂದ .45 ಪಿಸ್ತೂಲಿನ ತೋಟೆಗಳು 300 ಕೋಟಿಗೂ ಮಿಕ್ಕಿ ಹೊರಬಂದವು. ಅವುಗಳಲ್ಲಿ ಬಹುಪಾಲು ಉಕ್ಕಿನ ಚಿಪ್ಪಿನವು. ಯುದ್ಧ ಮುಗಿದ ಮೇಲೆ ಅಮೆರಿಕದವರು ಹಿತ್ತಾಳೆಗೆ ಮರಳಿದರು, ರಷ್ಯದವರು ಉಕ್ಕಿನಲ್ಲೇ ಉಳಿದರು. ರಷ್ಯದ ತೂಲಾ, ಬರ್ನಾಲ್ ಊರುಗಳ ಕಾರ್ಖಾನೆಗಳ ತೋಟೆಗಳೇ ಆಮೇಲೆ ಅಮೆರಿಕದ ಅಭ್ಯಾಸಿಗಳಿಗೆ ಅಗ್ಗದ ಸರಕಾದವು. 2021ರ ಆಗಸ್ಟಿನಲ್ಲಿ ಅಮೆರಿಕ ಸರಕಾರ ರಷ್ಯದ ಕೋವಿ-ತೋಟೆಗಳ ಹೊಸ ಆಮದಿಗೆ ಅಡ್ಡಗಾಲು ಹಾಕಿದ ಮೇಲೆ ಆ ಅಗ್ಗವೂ ಹಿಂದಿನಂತೆ ಉಳಿಯಲಿಲ್ಲ ಎಂಬುದನ್ನು ಗುಡಿಬಂಡೆಯವರ ಸೋದರಳಿಯ ಬಲ್ಲನೆಂದು ನಂಬುತ್ತೇವೆ.

ಇಂಥ ತೋಟೆಯಿಂದ ಕೋವಿ ಹಾಳಾಗುತ್ತದೆಯೇ ಎಂಬುದು ಮುಖ್ಯ ಪ್ರಶ್ನೆ. 2013ರಲ್ಲಿ ಅಮೆರಿಕದ ಲಕ್ಕಿ ಗನ್ನರ್ ಎಂಬ ತೋಟೆ ವ್ಯಾಪಾರಿಗಳು ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಒಂದೇ ಬಗೆಯ ನಾಲ್ಕು ರೈಫಲು, ಒಂದೊಂದಕ್ಕೆ 10,000 ತೋಟೆ, ಒಟ್ಟು 40,000. ಒಂದಕ್ಕೆ ಹಿತ್ತಾಳೆಯದು, ಮೂರಕ್ಕೆ ಉಕ್ಕಿನದು. ಹಿತ್ತಾಳೆಯ ತೋಟೆ ಹಾರಿಸಿದ ನಳಿಗೆ ಕೊನೆಯವರೆಗೂ ಬಾಳಿತು. ಉಕ್ಕಿನದನ್ನು ಹಾರಿಸಿದ ನಳಿಗೆಗಳು ಸುಮಾರು 6,000ಕ್ಕೆ ಸವೆದವು. ಆದರೆ ಸವೆತಕ್ಕೆ ಕಾರಣ ಚಿಪ್ಪಲ್ಲ. ಆ ಅಗ್ಗದ ತೋಟೆಗಳ ಗುಂಡಿನ ಮೇಲೆ ತಾಮ್ರದ ತೆಳು ಲೇಪದ ಕೆಳಗೆ ಉಕ್ಕಿನ ಹೊದಿಕೆ ಇತ್ತು, ನಳಿಗೆಯನ್ನು ತಿಂದದ್ದು ಅದು. ಚಿಪ್ಪು ನಳಿಗೆಯೊಳಗೆ ಓಡುವುದೇ ಇಲ್ಲವಷ್ಟೆ. ಇನ್ನೂ ಸ್ವಾರಸ್ಯವೆಂದರೆ, ತೋಟೆಯಲ್ಲಿ ಉಳಿದ ಹಣದಿಂದ ಹೊಸ ನಳಿಗೆ ಕೊಂಡರೂ ಮತ್ತಷ್ಟು ಹಣ ಮಿಗುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ಇದು ರೈಫಲಿನ ಮಾತು. ಪಿಸ್ತೂಲಿನ ಗುಂಡಿನ ವೇಗ ಅದಕ್ಕಿಂತ ಬಹಳ ಕಡಿಮೆ, ಸವೆತವೂ ನಿಧಾನ. ತಿಂಗಳಿಗೆ ಐವತ್ತು ಗುಂಡು ಹಾರಿಸುವ ಸಾಮಾನ್ಯನ ಪಿಸ್ತೂಲಿನ ನಳಿಗೆಗೆ ಅವನ ಜೀವಮಾನದಲ್ಲಿ ಭಯವಿಲ್ಲವೆಂದೇ ಹೇಳಬೇಕು.

ಹಾಗೆಂದು ದೋಷವೇ ಇಲ್ಲವೆಂದಲ್ಲ. ಮಸಿ ಹೆಚ್ಚು, ಆದ್ದರಿಂದ ಅಂದಂದೇ ಒರಸಿಡಬೇಕು. ಚಿಪ್ಪಿನ ಮೇಲಿನ ಅರಗಿನಂಥ ಲೇಪ ಕಿತ್ತರೆ ತುಕ್ಕು ಹಿಡಿಯುತ್ತದೆ. ಆಟಿ ತಿಂಗಳಲ್ಲಿ ನಮ್ಮ ಕಡೆ ಗೋಡೆಯ ಮೊಳೆಯೂ ತುಕ್ಕು ಹಿಡಿಯುವಾಗ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿವಾಲ್ವರಿನಲ್ಲಿ ಖಾಲಿ ಚಿಪ್ಪುಗಳನ್ನೆಲ್ಲ ಒಟ್ಟಿಗೆ ಕೈಯಿಂದ ದೂಡಿ ತೆಗೆಯಬೇಕಾದ್ದರಿಂದ ಒಂದು ಅಂಟಿಕೊಂಡರೂ ತೊಡಕು. ಅಮೆರಿಕದ ಕೆಲವು ಅಭ್ಯಾಸದ ಮೈದಾನಗಳಲ್ಲಿ ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡುತ್ತಾರೆ, ಉಕ್ಕು ಅಂಟಿದರೆ ಒಳಗೆ ಬಿಡುವುದಿಲ್ಲ. ಉಕ್ಕಿನ ಹೊದಿಕೆಯ ಗುಂಡು ತಡೆಗೋಡೆಗೆ ಬಡಿದು ಕಿಡಿ ಹಾರೀತೆಂಬುದು ಒಂದು ಕಾರಣ. ಇನ್ನೊಂದು ವ್ಯಾಪಾರದ್ದು: ನೆಲಕ್ಕೆ ಬಿದ್ದ ಹಿತ್ತಾಳೆ ಚಿಪ್ಪುಗಳನ್ನು ಗುಡಿಸಿ ಮಾರುವಾಗ ನಡುವೆ ಉಕ್ಕು ಬೆರೆತರೆ ಗುಜರಿಯವನು ಬೆಲೆ ಇಳಿಸುತ್ತಾನೆ. ನಮ್ಮ ಮೂಸಾರಿಗಳಿಗೆ ಇದು ಚೆನ್ನಾಗಿ ಅರ್ಥವಾದೀತು.

ಆದ್ದರಿಂದ ಗುಡಿಬಂಡೆಯವರ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ಹೆಸರುಳ್ಳ ಕಾರ್ಖಾನೆಯ, ಆ ಕೋವಿಯ ಅಳತೆಗೇ ಸರಿಹೊಂದುವ ಉಕ್ಕಿನ ಚಿಪ್ಪಿನ ತೋಟೆ ಅಭ್ಯಾಸಕ್ಕೆ ಸಲ್ಲುತ್ತದೆ. ಜೀವ ಕಾಯಬೇಕಾದ ಹೊತ್ತಿಗೆ ಬೇರೆ, ಉತ್ತಮ ತೋಟೆ ಇರಲಿ. ಅದನ್ನೂ ನಡುನಡುವೆ ನಾಲ್ಕು ಹಾರಿಸಿ ನೋಡಿರಲಿ. ಎರಡು ಬಗೆಯ ತೋಟೆ ಒಂದೇ ಕೋವಿಯಲ್ಲಿ ಒಂದೇ ಕಡೆ ಬೀಳುವುದಿಲ್ಲ.

ಎರಡನೆಯ ಪ್ರಶ್ನೆ, ನಮ್ಮಲ್ಲಿ ಯಾಕಿಲ್ಲ ಎಂಬುದು, ತೋಟೆಯ ಪ್ರಶ್ನೆಯಲ್ಲ, ಸರಕಾರದ್ದು. ಅಮೆರಿಕದಲ್ಲಿ ಹತ್ತಾರು ಕಾರ್ಖಾನೆಗಳು ಗಿರಾಕಿಗಾಗಿ ಪೈಪೋಟಿ ನಡೆಸುತ್ತವೆ. ನಮ್ಮಲ್ಲಿ .32 ರಿವಾಲ್ವರಿನ ತೋಟೆ ಎಂದರೆ ಬಹುಮಟ್ಟಿಗೆ ಪುಣೆಯ ಬಳಿಯ ಖಡ್ಕಿಯದು. 1869ರಲ್ಲಿ ಬ್ರಿಟಿಷರು ಸ್ಥಾಪಿಸಿದ ಆ ಕಾರ್ಖಾನೆ 2021ರ ಅಕ್ಟೋಬರಿನಿಂದ ಮ್ಯೂನಿಶನ್ಸ್ ಇಂಡಿಯಾ ಎಂಬ ಸರಕಾರಿ ಕಂಪೆನಿಯ ಕೈಕೆಳಗಿದೆ. ಬೋರ್ಡು ಹೋಗಿ ಕಂಪೆನಿ ಬಂದರೂ ಕೊಳ್ಳುವವನ ಪಾಡು ಬದಲಾಗಿಲ್ಲ. ವಿದೇಶದ ತೋಟೆ ತರಿಸುವುದು ಹೆಸರಾಂತ ಕ್ರೀಡಾಪಟುಗಳಿಗೂ ಅವರ ಸಂಘಗಳಿಗೂ ದಕ್ಕುವ ಸವಲತ್ತು. ಸಾಮಾನ್ಯನ ಪರವಾನಗಿಯಲ್ಲಿ ಒಮ್ಮೆಗೆ ಎಷ್ಟು ತೋಟೆ, ವರ್ಷಕ್ಕೆ ಎಷ್ಟು ಎಂದು ಬರೆದಿರುತ್ತದೆ. ಆ ಮಿತಿಯಲ್ಲಿ ‘ಇಷ್ಟು ಕಾಯ್ದಿಡಲು, ಇಷ್ಟು ಕಲಿಯಲು’ ಎಂಬ ಭೇದವಿಲ್ಲ. ಇರುವುದನ್ನು ಅಭ್ಯಾಸಕ್ಕೆ ಸುಟ್ಟರೆ ಅವಸರಕ್ಕೆ ಕೈ ಖಾಲಿ. ಅವಸರಕ್ಕೆಂದು ಇಟ್ಟರೆ ಅಭ್ಯಾಸಕ್ಕೆ ಸೊನ್ನೆ. ಖಾಲಿ ಚಿಪ್ಪಿಗೆ ಮತ್ತೆ ಮದ್ದು ತುಂಬಿಸಿ ಬಳಸುವುದು ಬೇರೆ ದೇಶಗಳಲ್ಲಿ ಮನೆಕೆಲಸದಂತೆ ನಡೆಯುತ್ತದೆ; ಇಲ್ಲಿ ಅನುಮತಿಯಿಲ್ಲದೆ ತೋಟೆ ತಯಾರಿಸುವುದು 1959ರ ಆಯುಧ ಕಾಯಿದೆಯಂತೆ ಅಪರಾಧ. ಅದು ಅಪರಾಧವಾಗಿಯೇ ಇರಲಿ, ನಮ್ಮ ಆಕ್ಷೇಪವಿಲ್ಲ. ಅಳತೆ ತಪ್ಪಿದ ಮದ್ದು ಮುಂದಿದ್ದವನನ್ನು ಬಿಟ್ಟು ಹಿಂದಿದ್ದವನನ್ನು ಕೊಲ್ಲುತ್ತದೆ.

ಕೋವಿಯನ್ನು ಎಲ್ಲರ ಕೈಗೂ ಕೊಡಿ, ತೋಟೆಯನ್ನು ಕಡಲೆಕಾಯಿಯಂತೆ ಮಾರಿ ಎಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅಗ್ಗದ ತೋಟೆ ಧಾರಾಳವಾಗಿ ಸಿಗುವ ಅಮೆರಿಕದಲ್ಲಿ ಶಾಲೆಯ ಮಕ್ಕಳ ಮೇಲೂ ಗುಂಡು ಹಾರುತ್ತದೆ. ಆ ದಾರಿ ನಮಗೆ ಬೇಡ. 2019ರ ತಿದ್ದುಪಡಿಯಲ್ಲಿ ಒಬ್ಬನಿಗೆ ಎರಡೇ ಕೋವಿ ಎಂದು ಮಿತಿ ಹಾಕಿದ್ದನ್ನೂ, ಮದುವೆ ಮೆರವಣಿಗೆಗಳಲ್ಲಿ ಮನಬಂದಂತೆ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಿದ್ದನ್ನೂ ನಾವು ಸ್ವಾಗತಿಸುತ್ತೇವೆ. ನಮ್ಮ ತಕರಾರು ಬೇರೆ. ಸರಕಾರ ತಾನಾಗಿಯೇ ವಿಚಾರಿಸಿ, ಪೊಲೀಸರಿಂದ ವರದಿ ತರಿಸಿ, ಶುಲ್ಕ ವಸೂಲು ಮಾಡಿ ಒಬ್ಬನಿಗೆ ಪರವಾನಗಿ ಕೊಡುತ್ತದೆ. ಕೊಟ್ಟ ಮೇಲೆ ಅವನು ಅದನ್ನು ಹಿಡಿಯಲು ಬಲ್ಲನೇ ಎಂಬುದು ಯಾರ ಜವಾಬ್ದಾರಿಯೂ ಅಲ್ಲ. ಮೋಟಾರು ಓಡಿಸುವವನು ಲೈಸನ್ಸಿಗೆ ಮೊದಲು ಎಂಟು ಹಾಕಿ ತೋರಿಸಬೇಕು. ಕೋವಿಯವನು ಎಂಟು ಗುಂಡು ಹಾಕಿ ತೋರಿಸಬೇಕಾಗಿಲ್ಲ. 2016ರ ಆಯುಧ ನಿಯಮಗಳು ಅರ್ಜಿದಾರನಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕೆಂದದ್ದು ಸರಿಯಾದ ಹೆಜ್ಜೆ. ಆದರೆ ಒಮ್ಮೆ ಪಡೆದ ಪ್ರಮಾಣಪತ್ರ ಕೈಯ ಅಭ್ಯಾಸವನ್ನು ಕಾಪಾಡುವುದಿಲ್ಲ. ಚೆಂಡೆ ಬಾರಿಸುವವನು ಒಂದು ಮಳೆಗಾಲ ಕೋಲು ಮುಟ್ಟದಿದ್ದರೆ ಮುಂದಿನ ತಿರುಗಾಟದ ಮೊದಲ ಆಟದಲ್ಲೇ ಗೊತ್ತಾಗುತ್ತದೆ.

ಇದು ನಮ್ಮ ಓದುಗರಿಗೆ ಬರಿಯ ಚರ್ಚೆಯ ವಿಷಯವಾಗಿ ಉಳಿದಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ, ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೂ ನಗರಸಭಾಧ್ಯಕ್ಷರಿಗೂ ಕೊಟ್ಟಿತು. ಆಮೇಲೆ ಅದರ ಅವಧಿಯನ್ನು ವಿಸ್ತರಿಸಿತು. ಕೊಲ್ಲಬೇಕಾದದ್ದು ಪರವಾನಗಿಯುಳ್ಳ ಕೋವಿಯಿಂದಲೇ. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದು. ಕೊಂದದ್ದನ್ನು ಹೂಳಬೇಕು, ಲೆಕ್ಕ ಇಡಬೇಕು. ಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಸಾರಬೇಕೆಂಬ ಕೇರಳದ ಕೋರಿಕೆಯನ್ನು ಕೇಂದ್ರ ಒಪ್ಪದಿದ್ದಾಗ ಹುಡುಕಿದ ದಾರಿ ಇದು. ಎಣ್ಮಕಜೆಯಲ್ಲಾಗಲಿ, ಬೆಳ್ಳೂರಿನಲ್ಲಾಗಲಿ, ದೇಲಂಪಾಡಿಯಲ್ಲಾಗಲಿ ರಾತ್ರಿ ಬೆಳಗಾಗುವುದರೊಳಗೆ ಮರಗೆಣಸಿನ ಸಾಲು ಬುಡಮೇಲಾಗಿ, ಎಳೆಯ ಕಂಗಿನ ಸಸಿ ಮಗುಚಿ ಬಿದ್ದದ್ದನ್ನು ಕಂಡ ಕೃಷಿಕನಿಗೆ ಈ ಆದೇಶ ಒಂದು ಸಮಾಧಾನ. ಗುಡಿಬಂಡೆಯ ಕಡೆ ಕಡಲೆಕಾಯಿ ಹೊಲದಲ್ಲಿ ಇದೇ ಹಂದಿ ಇದೇ ಕೆಲಸ ಮಾಡುತ್ತದೆ.

ಆದರೆ ಆದೇಶ ಕಾಗದದ ಮೇಲಿದೆ, ಹಂದಿ ಗುಡ್ಡದ ಮೇಲಿದೆ, ಇವೆರಡರ ನಡುವೆ ನಿಲ್ಲಬೇಕಾದವನು ವರ್ಷಗಟ್ಟಲೆ ಒಂದೂ ಈಡು ಹೊಡೆಯದ ಅರುವತ್ತು ದಾಟಿದ ಕೋವಿದಾರ. ಅವನು ಟಾರ್ಚಿನ ಬೆಳಕಿನಲ್ಲಿ, ಪೊದೆಯ ಮರೆಯಲ್ಲಿ ಅಲುಗಿದ ಕಪ್ಪನ್ನು ನೋಡಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಹಂದಿಯೆಂದು ಹೊಡೆದದ್ದು ಮನುಷ್ಯನಾಗಿತ್ತು ಎಂಬ ಸುದ್ದಿಯನ್ನು ಈ ಪತ್ರಿಕೆಯ ಮೇಜಿನಲ್ಲಿ ಕುಳಿತು ನಾವು ಬರೆಯಬೇಕಾಗಿ ಬಂದ ದಿನಗಳಿವೆ. ಸತ್ತವನ ಮನೆಯೂ ಹೊಡೆದವನ ಮನೆಯೂ ಒಂದೇ ಗುಡ್ಡದ ಎರಡು ಬದಿಯಲ್ಲಿರುತ್ತವೆ. ಎರಡು ಮನೆಯ ಮಕ್ಕಳೂ ಒಂದೇ ಶಾಲೆಗೆ ಹೋಗುತ್ತಾರೆ. ಗಾಯಗೊಂಡು ತಪ್ಪಿಸಿಕೊಂಡ ಹಂದಿ ಮರುದಿನ ಬೆಳಗ್ಗೆ ಸೊಪ್ಪಿಗೆ ಹೋದವಳ ಮೇಲೆರಗುವುದು ಇನ್ನೊಂದು ಬಗೆ. ಇವುಗಳಲ್ಲಿ ಎಷ್ಟನ್ನು ಅಭ್ಯಾಸ ತಪ್ಪಿಸಬಹುದಿತ್ತೆಂದು ಲೆಕ್ಕ ಕೊಡಲಾಗದು. ಆದರೆ ಗುರಿಯ ಹಿಂದೆ ಏನಿದೆಯೆಂದು ನೋಡದೆ ಕುದುರೆ ಎಳೆಯಬಾರದು, ಗುರಿ ಹಿಡಿಯುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು ಎಂಬ ಪಾಠಗಳು ಬಾಯಿಯಿಂದ ಕಿವಿಗೆ ಹೋದರೆ ಸಾಲದು, ಬೆರಳಿಗೆ ಹೋಗಬೇಕು. ಬೆರಳಿಗೆ ಹೋಗುವುದು ಹಾರಿಸಿ ಹಾರಿಸಿಯೇ.

ನಮ್ಮ ಕೃಷಿಕರ ಕೋವಿ ಹೆಚ್ಚಾಗಿ 12 ಬೋರಿನದು. ಅದರ ತೋಟೆಯ ಮೈ ಹಿಂದೆ ಕಾಗದದ್ದಾಗಿತ್ತು, ಈಗ ಪ್ಲಾಸ್ಟಿಕಿನದು. ಹಿಂಬದಿಯ ಲೋಹದ ಬಿಲ್ಲೆ ಮಾತ್ರ ಹಿತ್ತಾಳೆಯಂತೆ ಹೊಳೆಯುತ್ತದೆ. ಹೊಳೆಯುವುದೆಲ್ಲ ಹಿತ್ತಾಳೆಯಲ್ಲ: ಹೊರದೇಶಗಳ ಅಗ್ಗದ ತೋಟೆಗಳಲ್ಲಿ ಹಲವಕ್ಕೆ ಅದು ಹಿತ್ತಾಳೆಯ ಬಣ್ಣ ಕೊಟ್ಟ ಉಕ್ಕು. ಅಲ್ಲಿ ಕಾಗದದ ಗುರಿಗೂ ಹಾರುವ ಮಣ್ಣಿನ ಬಿಲ್ಲೆಗೂ ಲಕ್ಷಗಟ್ಟಲೆ ಈಡು ಹೋಗುವುದು ಇಂಥವುಗಳಿಂದಲೇ. ಕೋವಿಗಳಿಗೆ ಏನೂ ಆಗಿಲ್ಲ. ಸಣ್ಣ ಚರೆಯ ತೋಟೆಯಲ್ಲಿ ಮೂವತ್ತು ಗಜ ದೂರದ ಹಳೆಯ ಪತ್ರಿಕೆಯ ಹಾಳೆಗೆ (ಬೇಕಿದ್ದರೆ ನಮ್ಮದಕ್ಕೇ ಆಗಲಿ) ಹೊಡೆದು ನೋಡಿದರೆ, ಕೋವಿ ಎಡಕ್ಕೆ ಎಳೆಯುತ್ತದೋ ಬಲಕ್ಕೋ, ಹೆಗಲು ಒದೆತಕ್ಕೆ ಹೆದರುತ್ತದೋ ಇಲ್ಲವೋ, ಒಂದು ಗಂಟೆಯೊಳಗೆ ತಿಳಿಯುತ್ತದೆ. ಹಂದಿಗೆಂದು ಇಟ್ಟ ಎಲ್.ಜಿ., ಎಸ್.ಜಿ. ತೋಟೆಯ ದಪ್ಪ ಚರೆ ಹರಡುವ ರೀತಿಯೇ ಬೇರೆಯಾದ್ದರಿಂದ ಅದನ್ನೂ ಒಂದೆರಡು ಹಾರಿಸಿ ನೋಡಲೇಬೇಕು. ಆದರೆ ಎಲ್ಲಿ ಹಾರಿಸಬೇಕು? ತನ್ನದೇ ತೋಟದ ಮೂಲೆಯಲ್ಲಿ ಹೊಡೆದರೆ ನೆರೆಯವರು ಠಾಣೆಗೆ ಫೋನು ಮಾಡುತ್ತಾರೆ. ಮಾಡುವುದೂ ತಪ್ಪಲ್ಲ.

ನಮ್ಮ ಪೂರ್ವದ ನೆರೆಯಾದ ಕೊಡಗನ್ನು ನೋಡಿ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದಲೇ ವಿನಾಯತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆ ವಿನಾಯತಿ ಸರಿಯೇ ಎಂಬ ಚರ್ಚೆ ಬೇರೆ, ಹೈಕೋರ್ಟಿನವರೆಗೂ ಹೋಗಿ ಬಂದದ್ದು. ನಮ್ಮ ಗಮನ ಸೆಳೆಯುವುದು ಇನ್ನೊಂದು ಸಂಗತಿ. ಕೈಲ್‌ಪೊಳ್ದ್ ಹಬ್ಬದಂದು ಆಯುಧಕ್ಕೆ ಪೂಜೆ ಸಲ್ಲಿಸಿ, ಮರದ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಊರವರೆಲ್ಲ ಸರದಿಯಲ್ಲಿ ನಿಂತು ಗುಂಡು ಹೊಡೆಯುತ್ತಾರೆ. ಹಿರಿಯರು ನೋಡುತ್ತಿರುತ್ತಾರೆ, ಯಾರ ಕೈ ಅಲುಗಿತು, ಯಾರು ಕೋವಿಯ ಬಾಯಿಯನ್ನು ಎತ್ತ ತಿರುಗಿಸಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಕೋವಿ ಇದ್ದಲ್ಲಿ ಅದನ್ನು ಹತ್ತು ಜನರ ಕಣ್ಣೆದುರು ಹಿಡಿದು ತೋರಿಸುವ ಒಂದು ದಿನ ಇದೆ. ನಮ್ಮಲ್ಲಿ ಕೋವಿ ಅಟ್ಟದಿಂದ ಇಳಿಯುವುದು ಪರವಾನಗಿ ನವೀಕರಣಕ್ಕೆ, ಇಲ್ಲವೆ ಚುನಾವಣೆ ಬಂತೆಂದು ಠಾಣೆಗೆ ಒಪ್ಪಿಸಲಿಕ್ಕೆ.

ಕರ್ನಾಟಕದಲ್ಲಿ ಪಿಸ್ತೂಲಿನಲ್ಲೇ ಹೆಸರು ಮಾಡಿದವರಿಲ್ಲವೆಂದೇನಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯದ ಚಾಂಗ್ವಾನಿನಲ್ಲಿ ನಡೆದ ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, 2016ರ ರಿಯೋ ಒಲಿಂಪಿಕ್ಸಿಗೂ ಹೋದರು. ಏರ್ ಪಿಸ್ತೂಲಿಗೆ ಮದ್ದೇ ಬೇಡ, ಗಾಳಿಯ ಒತ್ತಡ ಸಾಕು. ಗುಂಡೆಂದರೆ ಸೀಸದ ಸಣ್ಣ ಹರಳು. .177 ಅಳತೆಯ, 20 ಜೂಲ್ ಮೀರದ ಗಾಳಿಕೋವಿಗೆ 2016ರ ನಿಯಮಗಳಂತೆ ಪರವಾನಗಿಯ ಹಂಗೂ ಇಲ್ಲ. ಒದೆತವಿಲ್ಲ, ಸದ್ದಿಲ್ಲ, ಆದರೆ ಕಣ್ಣು, ಉಸಿರು, ಬೆರಳು ಈ ಮೂರನ್ನು ಒಂದುಗೂಡಿಸುವ ಪಾಠ ಅದೇ. ಉಕ್ಕಿನ ಚಿಪ್ಪಿಗಿಂತ ಅಗ್ಗವಾದ ತೋಟೆ ನಮ್ಮ ದೇಶದಲ್ಲಿ ಈಗಾಗಲೇ ಇದೆಯೆಂದರೆ ಅದು ಇದು. ಇನ್ನೂ ಅಗ್ಗದ್ದು ಬೇಕೆಂದರೆ ಎರಡೆರಡು ಸಲ ಪರೀಕ್ಷಿಸಿ ಖಾಲಿ ಮಾಡಿದ ರಿವಾಲ್ವರನ್ನು, ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಗಟ್ಟಿ ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿಯಿಟ್ಟು ಕುದುರೆ ಎಳೆಯುವುದು. ಸೈನ್ಯದಲ್ಲಿದ್ದ ನಮ್ಮ ಪತ್ರಲೇಖಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಳೆಯ ಕೋವಿಗಳಿಗೆ ಖಾಲಿ ಹೊಡೆತ ಒಳ್ಳೆಯದಲ್ಲವಾದ್ದರಿಂದ ಗೂಡಿನಲ್ಲಿ ಹುಸಿತೋಟೆ ಹಾಕಿಕೊಳ್ಳಬೇಕೆಂಬುದನ್ನು ಮಾತ್ರ ನಮ್ಮ ಕಡೆಯವರು ನೆನಪಿಡಲಿ.

ಆದರೂ ಗಾಳಿಕೋವಿಯೂ ಖಾಲಿ ಹೊಡೆತವೂ ನಿಜವಾದ ಈಡಿನ ಸದ್ದನ್ನೂ ಒದೆತವನ್ನೂ ಕಲಿಸಲಾರವು. ಅದಕ್ಕೆ ಜಾಗ ಬೇಕು, ಗುರು ಬೇಕು, ತೋಟೆ ಬೇಕು. ಕೇರಳ ಪೊಲೀಸರು 2022ರಲ್ಲಿ, ಪರವಾನಗಿ ಇದ್ದವರಿಗೂ ಅರ್ಜಿ ಹಾಕಿದವರಿಗೂ ಶುಲ್ಕ ಪಡೆದು ಕೋವಿ ಬಳಕೆಯ ತರಬೇತಿ ಕೊಡುವ ಯೋಜನೆ ಪ್ರಕಟಿಸಿದರು. ಯೋಜನೆ ಒಳ್ಳೆಯದೇ. ಅದು ನಗರದ ವ್ಯಾಪಾರಿಯ ರಿವಾಲ್ವರಿಗೆ ಮಾತ್ರವಲ್ಲ, ಗುಡ್ಡದ ಕೃಷಿಕನ 12 ಬೋರಿಗೂ ಮುಟ್ಟಬೇಕು. ಹಂದಿ ಹೊಡೆಯಲು ಪಂಚಾಯತು ಯಾರ ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತದೋ ಅವರಿಗೆ ವರ್ಷಕ್ಕೊಮ್ಮೆಯಾದರೂ ಪೊಲೀಸರ ಅಭ್ಯಾಸದ ಮೈದಾನದಲ್ಲಿ ಒಂದು ದಿನ ಕೊಡಬೇಕು. ಆ ದಿನ ಹಾರಿಸುವ ತೋಟೆಗಳು ಪರವಾನಗಿಯ ವಾರ್ಷಿಕ ಮಿತಿಯಿಂದ ಹೊರಗಿರಬೇಕು; ಮೈದಾನದಲ್ಲೇ ಎಣಿಸಿ ಕೊಟ್ಟು, ಖಾಲಿ ಚಿಪ್ಪನ್ನು ಎಣಿಸಿ ಹಿಂದಕ್ಕೆ ಪಡೆದರೆ ಒಂದು ತೋಟೆಯೂ ಹೊರಗೆ ಜಾರುವ ಭಯವಿಲ್ಲ. ಸರಕಾರವೇ ತಯಾರಿಸುವ ತೋಟೆಯನ್ನು ಸರಕಾರವೇ ಅಭ್ಯಾಸಕ್ಕೆ ಕಡಿಮೆ ಬೆಲೆಯಲ್ಲಿ ಕೊಡುವುದು ದೊಡ್ಡ ಔದಾರ್ಯವೇನಲ್ಲ. ಚಿಪ್ಪು ಉಕ್ಕಿನದಾಗಲಿ, ಹಿತ್ತಾಳೆಯದಾಗಲಿ. ಅಭ್ಯಾಸಕ್ಕೆಂದೇ ಒಂದು ಅಗ್ಗದ ತೋಟೆಯನ್ನು ಖಡ್ಕಿಯವರು ಮಾಡಬಾರದೇಕೆ? ಪರದೇಶದ ಕಾರ್ಖಾನೆಗಳು ಎಂಬತ್ತು ವರ್ಷದ ಹಿಂದೆ ಮಾಡಿ ತೋರಿಸಿದ ಕೆಲಸವಿದು.

ಮತ್ತು ಆ ಮೈದಾನದಲ್ಲಿ ಆಡುವ ಮಾತು ಯಾವುದು? ಪ್ರತಿಯೊಂದಕ್ಕೂ ಭಾಷೆಯನ್ನು ತಂದು ಜೋಡಿಸುತ್ತೀರಿ ಎಂದು ನಮ್ಮನ್ನು ದೂರುವವರಿದ್ದಾರೆ. ಇಲ್ಲಿ ನಾವು ಜೋಡಿಸುತ್ತಿಲ್ಲ, ಅದು ಮೊದಲೇ ಅಂಟಿಕೊಂಡಿದೆ. ‘ನಿಲ್ಲಿಸು’, ‘ಬಾಯಿ ಕೆಳಗೆ’, ‘ತೋಟೆ ತೆಗೆ’ ಎಂಬ ಆಜ್ಞೆಗಳು ಕೇಳಿದ ಕೂಡಲೇ ಅರ್ಥವಾಗಬೇಕು. ಪಕ್ಕದವನನ್ನು ಕೇಳಿ ತಿಳಿಯುವಷ್ಟು ಪುರುಸೊತ್ತು ತುಂಬಿದ ಕೋವಿಗೆ ಇರುವುದಿಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಹಂದಿ ಹೊಡೆಯುವ ಆದೇಶದ ಷರತ್ತುಗಳು, ಪರವಾನಗಿಯ ಹಿಂಬದಿಯ ಸಣ್ಣ ಅಕ್ಷರಗಳು, ತರಬೇತಿಯ ಪಾಠಪಟ್ಟಿ, ಇವು ಮೂರಾದರೂ ಕನ್ನಡದಲ್ಲಿ ಬರಲಿ. ಗುಡಿಬಂಡೆಯವರ ಕಾಗದದಲ್ಲೂ ಈ ಮಾತಿದೆ: ‘ನಮ್ಮಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಪರವಾನಗಿಯ ಮಾತು ಇಂಗ್ಲಿಷು. ಸೈನ್ಯದಲ್ಲಿ ಹಿಂದಿ ಕಲಿತಿದ್ದರಿಂದ ನಾನು ಹೇಗೋ ಬದುಕಿಕೊಂಡೆ. ಪಕ್ಕದ ಹೊಲದವನಿಗೆ ತನ್ನ ಪರವಾನಗಿಯಲ್ಲಿ ಏನು ಬರೆದಿದೆ ಎಂದು ಓದಿ ಹೇಳುವವನು ನಾನೇ.’

ಆ ಹಿರಿಯರಿಗೆ ನಾವು ಬೇರೆಯಾಗಿಯೂ ಉತ್ತರ ಬರೆದಿದ್ದೇವೆ. ಸೋದರಳಿಯ ಊರಿಗೆ ಬರುವಾಗ ಪ್ರೀತಿಯಿಂದ ಒಂದು ಪೆಟ್ಟಿಗೆ ತೋಟೆ ತಂದುಕೊಡಲು ಹೊರಟರೆ ದಯವಿಟ್ಟು ತಡೆಯಿರಿ, ಅನುಮತಿಯಿಲ್ಲದೆ ಒಂದೇ ಒಂದು ತೋಟೆ ಚೀಲದಲ್ಲಿ ಸಿಕ್ಕರೂ ಆ ಹುಡುಗ ವಿಮಾನ ನಿಲ್ದಾಣದಿಂದ ನೇರ ಠಾಣೆಗೆ ಹೋಗಬೇಕಾದೀತು ಎಂದು ಅದರಲ್ಲಿ ಸೇರಿಸಿದ್ದೇವೆ. ಕೈ ನಡುಗುವ ವಿಷಯಕ್ಕೆ ಮೊದಲು ವೈದ್ಯರನ್ನು ಕಾಣಲು ಹೇಳಿದ್ದೇವೆ. ಅದು ಅಭ್ಯಾಸ ತಪ್ಪಿದ ನಡುಕವೇ ಆಗಿದ್ದರೆ ಅವರ ಜಿಲ್ಲೆಯ ಪೊಲೀಸ್ ವರಿಷ್ಠರಿಗೆ, ಮೈದಾನದಲ್ಲಿ ಒಂದು ದಿನ ಕೊಡಬೇಕೆಂದು ಬರೆಯಲಿ. ಅರ್ಜಿ ಕನ್ನಡದಲ್ಲೇ ಇರಲಿ: ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಲು ಕೋರಿದ್ದೇವೆ. ಇಲ್ಲಿನ ಅರ್ಜಿಯ ಕರಡನ್ನು ನಮ್ಮ ಕಚೇರಿಯಲ್ಲಿ ತಯಾರಿಸಿ ಇಟ್ಟಿದ್ದೇವೆ. ಬೆಳೆರಕ್ಷಣೆಯ ಕೋವಿಯಿರುವ ಓದುಗರು ಬಂದು ಪ್ರತಿ ಮಾಡಿಕೊಳ್ಳಬಹುದು.